ಅಪ್‌ಡೇಟ್: ಮಿಚಿಗನ್‌ನಲ್ಲಿ ಜೇನು, ಮೇಪಲ್ ಸಿರಪ್ ಮಾರಲು ಲೈಸೆನ್ಸ್ ಬೇಕೇ?

ಸ್ವಂತ ಜೇನುತುಪ್ಪ, ಮೇಪಲ್ ಸಿರಪ್ (ಮೇಪಲ್ ಮರದ ರಸ ಕಾಯಿಸಿ ಮಾಡುವ ಪಾಕ) ಮಾರಲು ಅಮೆರಿಕದ ಮಿಚಿಗನ್‌ನಲ್ಲಿ ಲೈಸೆನ್ಸ್ ಬೇಕೇ ಎಂದು ಕೇಳಿದ್ದೆ. ವರ್ಷದ ಒಟ್ಟು ಮಾರಾಟ 15,000 ಡಾಲರ್ ದಾಟದಿದ್ದರೆ ಬೇಡ. ಗಮನಿಸಿ, ಲೆಕ್ಕ ಲಾಭದ್ದಲ್ಲ, ಮಾರಾಟದ್ದು. ಶುಂಠಿಯೋ ಏಲಕ್ಕಿಯೋ ಬೆರೆಸಿದರೆ ಈ ವಿನಾಯಿತಿ ಸಿಗುವುದಿಲ್ಲ.

ಲೈಸೆನ್ಸ್ ಬೇಡದಿದ್ದರೂ ಲೇಬಲ್ ಮಾತ್ರ ಬೇಕೇ ಬೇಕು. ಪದಾರ್ಥದ ಹೆಸರು, ತಯಾರಕರ ಹೆಸರು-ವಿಳಾಸ, ನಿವ್ವಳ ಪ್ರಮಾಣದ ಜೊತೆಗೆ ‘ರಾಜ್ಯ ಕೃಷಿ ಇಲಾಖೆಯ ತಪಾಸಣೆಗೆ ಒಳಪಡದ ಜಾಗದಲ್ಲಿ ತಯಾರಾದದ್ದು’ ಎಂಬರ್ಥದ ಸಾಲೂ ಇರಬೇಕು. ಹಲವರು ಎಡವುವುದು ಪ್ರಮಾಣದಲ್ಲೇ: ಜೇನಿಗೆ ತೂಕ, ಸಿರಪ್‌ಗೆ ಫ್ಲೂಯಿಡ್ ಔನ್ಸ್ ಮತ್ತು ಮಿಲಿಲೀಟರ್.

ಸಿರಪ್ 66 ಬ್ರಿಕ್ಸ್‌ಗಿಂತ (ಅಂದರೆ ತೂಕದಲ್ಲಿ ಶೇ. 66 ಸಕ್ಕರೆ) ತೆಳುವಾದರೆ ಬೇಗ ಬೂಸ್ಟು ಹಿಡಿಯುತ್ತದೆ, ತೀರಾ ಗಟ್ಟಿಯಾದರೆ ತಳದಲ್ಲಿ ಸಕ್ಕರೆ ಹರಳುಗಟ್ಟುತ್ತದೆ. ಕನಿಷ್ಠ 82 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಬಾಟಲಿಗೆ ತುಂಬಿ, ಮುಚ್ಚಿದ ಕೂಡಲೇ ಅಡ್ಡ ಮಲಗಿಸಿ. ಮುಚ್ಚಳದ ಒಳಮೈಗೂ ಆ ಕಾವು ತಾಗಬೇಕು.