ಲಾನ್ ತೆಗೆದೆವು, ಈಗ ಏನು ನೆಡೋಣ? ನೀರು ಕಮ್ಮಿ, ಪುರುಸೊತ್ತೂ ಕಮ್ಮಿ

ಹೊಸಮನೆ_ಬೆಂಗಳೂರು:
ಮನೆ ಮುಂದೆ 15 ಅಡಿಗೆ 20 ಅಡಿ ಜಾಗ ಇದೆ. ಮೊದಲು ಲಾನ್ ಇತ್ತು. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತಲ್ಲ, ಅಲ್ಲಿಗೆ ಲಾನ್ ಕಥೆ ಮುಗಿಯಿತು. ಈಗ ಬರೀ ಗರಿಕೆ, ಕಾಂಗ್ರೆಸ್ ಗಿಡ. ನ್ಯೂಯಾರ್ಕಿನಲ್ಲಿರುವ ತಂಗಿ ಹೈಲೈನ್ ಪಾರ್ಕಿನ ಫೋಟೊ ಕಳಿಸಿದಳು, ಹಳೇ ರೈಲು ಹಳಿ ಮೇಲೆ ಹುಲ್ಲು, ಹೂವು ಎಲ್ಲ ತಾವೇ ಹುಟ್ಟಿಕೊಂಡ ಹಾಗಿವೆ. ಅದೇ ಗಿಡಗಳ ಬೀಜ ತರಿಸಿದರೆ ಇಲ್ಲಿ ಬರುತ್ತವಾ? ನಮಗೆ ವಾರಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಅತ್ತೆಗೆ ಬೇರೆ ಹಾವಿನ ಭಯ.

ಹಿತ್ತಲಗಿಡ:
ಬೀಜ ತರಿಸಬೇಡಿ, ದುಡ್ಡು ದಂಡ. ಅವು ಹಿಮ ಬೀಳುವ ಊರಿನ ಗಿಡಗಳು. ಚಳಿಗಾಲವೆಲ್ಲ ಒಣಗಿ ನಿಂತಿದ್ದು, ಚಳಿ ಮುಗಿಯುವಾಗ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತವೆ. ನಮ್ಮಲ್ಲಿ ಗಿಡ ಸುಸ್ತಾಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬಿಸಿಲಿಗೆ. ಹೈಲೈನ್ ಪಾರ್ಕಿನ ಗಿಡ ಜೋಡಿಸಿದ ತೋಟ ವಿನ್ಯಾಸಕ ಪೀಟ್ ಔಡಾಲ್ಫ್ ಹೂವಿನ ಬಣ್ಣಕ್ಕಿಂತ ಗಿಡದ ಆಕಾರ ನೋಡುತ್ತಾರೆ, ಒಣಗಿದ ಮೇಲೂ ಚೆಂದ ಕಾಣಬೇಕು ಎನ್ನುತ್ತಾರೆ. ಕದಿಯುವುದಾದರೆ ಅದನ್ನು ಕದಿಯಿರಿ, ಗಿಡ ನಮ್ಮವೇ ಇರಲಿ.

ನಾನು ಮಾಡಿದ್ದು ಹೀಗೆ. ಹಿಂದೆ ಎತ್ತರಕ್ಕೆ ಲಕ್ಕಿ ಮತ್ತು ಆಡುಸೋಗೆ (ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಇದನ್ನು ಮಾತ್ರ ನಮ್ಮ ಬೀದಿಯ ಆಡು ಮೂಸಿ ಬಿಟ್ಟು ಹೋಗುತ್ತದೆ). ನಡುವೆ ಲಾವಂಚದ ಬುಡ ಐದಾರು, ಅದರ ಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಗರಿಕೆಯ ಹಾಗೆ ಅಕ್ಕಪಕ್ಕ ಓಡುವುದಿಲ್ಲ. ಮುಂದೆ ಸ್ಫಟಿಕ, ಕೆಲವರು ಗೋರಟೆ ಎನ್ನುವುದು, ಮತ್ತು ಕನಕಾಂಬರ. ಒಂದೊಂದು ಬೇಡ, ಒಂದೇ ಜಾತಿಯದ್ದು ಐದು, ಏಳು ಗುಂಪಾಗಿ ನೆಡಿ, ಮುಂದಿನ ಚಿಕ್ಕ ಗಿಡಗಳಾದರೆ ಒಂದೂವರೆ ಅಡಿಗೆ ಒಂದು. ನೆಲ ಕಾಣದ ಹಾಗೆ ತುಂಬಿಕೊಂಡರೆ ಕಳೆಗೆ ಬಿಸಿಲೇ ಸಿಗುವುದಿಲ್ಲ. ಜೂನ್‌ನಲ್ಲಿ ನೆಟ್ಟರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಬೇರು ಕೂರುತ್ತದೆ. ಮೊದಲ ಬೇಸಿಗೆ ವಾರಕ್ಕೆ ಎರಡು ಸಲ ನೀರು ಕೊಡಲೇಬೇಕು, ಅದರಲ್ಲಿ ಜುಗ್ಗತನ ಬೇಡ. ಎರಡನೇ ಬೇಸಿಗೆಯಿಂದ ನಾನು ತೀರಾ ಬಾಡಿದ್ದಕ್ಕೆ ಮಾತ್ರ ಹಾಕುತ್ತೇನೆ.

ಮಣ್ಣಿನ_ಮಗ:
ಮೇಲಿನವರು ಒಂದು ಮುಖ್ಯ ವಿಷಯ ಬಿಟ್ಟರು. ನೆಡುವ ಮುಂಚೆ ಗರಿಕೆ, ಜೇಕು ಗಡ್ಡೆ ಸಮೇತ ಕೀಳಿ. ಅವಸರಕ್ಕೆ ಮೇಲೆ ಮೇಲೆ ಕತ್ತರಿಸಿ ನೆಟ್ಟೆ, ಎರಡು ವರ್ಷ ಕನಕಾಂಬರದ ಬುಡದಲ್ಲಿ ಕೂತು ಗರಿಕೆ ಕೀಳುತ್ತಿದ್ದೆ, ನನ್ನ ಹೆಂಡತಿ ಇದೇನಾ ಕೆಲಸವಿಲ್ಲದ ತೋಟ ಎಂದು ನಕ್ಕಿದ್ದೇ ನಕ್ಕಿದ್ದು. ತರಗೆಲೆ ಸುಡಬೇಡಿ, ಮೂರು ಇಂಚು ಹೊದಿಸಿ. ಗೊಬ್ಬರ ಜಾಸ್ತಿ ಹಾಕಿದರೆ ಗಿಡ ಸೊಕ್ಕಿ ಬೀಳುತ್ತದೆ. ನರ್ಸರಿಯಲ್ಲಿ ಬಣ್ಣಬಣ್ಣದ ಲಂಟಾನ ಕೊಟ್ಟರೆ ಬೇಡ ಅನ್ನಿ, ಬಂಡೀಪುರದ ಕಾಡಿನಲ್ಲಿ ಅದು ಮಾಡಿರುವ ಅವಾಂತರ ಸಾಕು.

ಹಿತ್ತಲಗಿಡ:
ಗರಿಕೆ ವಿಷಯ ನಿಜ, ನನ್ನ ಜಾಗದಲ್ಲಿ ಇರಲಿಲ್ಲ, ಹಾಗಾಗಿ ಹೊಳೆಯಲಿಲ್ಲ.

ಸಂಪಿಗೆ:
ಹಾವಿನ ಬಗ್ಗೆ: ಹಾವು ಬರುವುದು ಇಲಿ ಹುಡುಕಿಕೊಂಡು. ಇಟ್ಟಿಗೆ ರಾಶಿ, ಹಳೇ ಕಟ್ಟಿಗೆ ಮೊದಲು ತೆಗೆಸಿ, ಗೋಡೆಯಿಂದ ಎರಡಡಿ ಬಿಟ್ಟು ನೆಡಿ, ಓಡಾಡುವ ದಾರಿಗೆ ಜಲ್ಲಿ ಹಾಕಿ. ಜೊತೆಗೆ ಒಂದು ಕರಿಬೇವು ನೆಡಿ. ಎಲೆ ತಿನ್ನುವ ಹುಳ ಕಂಡರೆ ಔಷಧಿ ಹೊಡೆಯಬೇಡಿ, ಹೆಚ್ಚಾಗಿ ಚಿಟ್ಟೆಯ ಮರಿಯೇ ಇರುತ್ತದೆ. ಅದು ತಿಂದರೂ ಒಗ್ಗರಣೆಗೆ ಸೊಪ್ಪು ಉಳಿಯುತ್ತದೆ.

ಹೊಸಮನೆ_ಬೆಂಗಳೂರು:
ಎಲ್ಲರಿಗೂ ಥ್ಯಾಂಕ್ಸ್. ಕನಕಾಂಬರ ಎಂದ ಕೂಡಲೇ ಅತ್ತೆ ಹಾವಿನ ಮಾತು ಬಿಟ್ಟು, ದಿನಾ ಎಷ್ಟು ಮೊಳ ಆಗಬಹುದು ಎಂದು ಕೇಳುತ್ತಿದ್ದಾರೆ. ಭಾನುವಾರದಿಂದ ಗರಿಕೆ ಕೀಳುವುದು ಶುರು. ಲಾವಂಚದ ಬುಡ ಎಲ್ಲಿ ಸಿಗುತ್ತದೆ?

ಹಿತ್ತಲಗಿಡ:
ನನ್ನ ಹತ್ತಿರ ಬೇಕಾದಷ್ಟಿದೆ ಮೇಡಂ. ಒಂದು ಮಳೆ ಬೀಳಲಿ, ಗೋಣಿಚೀಲ ತನ್ನಿ.