ಗೂಡು ಬಿಡಿಸಿ ಬಿಡಿಸಿ ಸಾಕಾಯಿತು, ಬಾಸ್ ಮೀನಿಗೆ ಯಾವ ರಾಡ್, ಯಾವ ರೀಲ್?

ಬೆಂಡು:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಲಾರ್ಜ್‌ಮೌತ್ ಬಾಸ್ ಹಿಡಿಯುವ ಹುಚ್ಚು ಹತ್ತಿದೆ. ಬಾಸ್ ಅಂದರೆ ಬೇಟ್‌ಕ್ಯಾಸ್ಟರೇ (ಎಸೆದಾಗ ಸ್ಪೂಲ್, ಅಂದರೆ ಲೈನ್ ಸುತ್ತಿದ ಉರುಳೆ, ತಾನೇ ತಿರುಗುವ ರೀಲ್) ಬೇಕು ಅಂತ ಯಾರೋ ಹೇಳಿದರು, ತಗೊಂಡೆ. 7 ಅಡಿಯ ಮೀಡಿಯಂ ಹೆವಿ (ಸ್ವಲ್ಪ ಗಟ್ಟಿ) ರಾಡ್, 7.1:1 ರೀಲ್ (ಹಿಡಿಯ ಒಂದು ಸುತ್ತಿಗೆ ಸ್ಪೂಲ್ 7.1 ಸುತ್ತು), 12 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ (ಒಂದು ಬಗೆಯ ಪ್ಲಾಸ್ಟಿಕ್) ಲೈನ್. ಹತ್ತು ಸಲ ಎಸೆದರೆ ಆರು ಸಲ ಸ್ಪೂಲ್ ಮೇಲೆ ಹಕ್ಕಿಗೂಡಿನ ಹಾಗೆ ಲೈನ್ ಸಿಕ್ಕು. ಎಸೆಯುವುದು 1/8 ಔನ್ಸಿನ ಜಿಗ್‌ಗೆ (ತಲೆಗೆ ಭಾರ ಕೂರಿಸಿದ ಗಾಳ) ಚುಚ್ಚಿದ ರಬ್ಬರ್ ಹುಳು. ಮೊನ್ನೆ ಒಂದು ಒಳ್ಳೆ ಮೀನು ಕಚ್ಚಿತು. ಎಳೆದೆ, ಲೈನ್ ಸಡಿಲವಾಯಿತು. ತುದಿ ನೋಡಿದರೆ ಹಂದಿಬಾಲದ ಹಾಗೆ ಸುರುಳಿ. ಲೈನ್ ಕಳಪೆಯಾ? ಇದನ್ನೆಲ್ಲ ಮಾರಿ ಸ್ಪಿನ್ನಿಂಗ್ ಸೆಟ್ (ಎಸೆದಾಗ ಸ್ಪೂಲ್ ತಿರುಗದೆ ಲೈನ್ ಬಿಚ್ಚುವ ರೀಲ್, ಅದರ ರಾಡ್) ತಗೊಳ್ಳಲಾ?

ಗಾಳದಜ್ಜ:
ಮಾರಬೇಡಿ ಮಾರಾಯ್ರೆ. ಮೊದಲು ರಾಡಿನ ಹಿಡಿಯ ಮೇಲ್ಗಡೆ ಸಣ್ಣಕ್ಷರದಲ್ಲಿ ಎಷ್ಟು ತೂಕದ ಲೂರ್ (ಎಸೆಯುವ ಕೃತಕ ಎರೆ) ಅಂತ ಬರೆದಿದೆ ಓದಿ. ಮೀಡಿಯಂ ಹೆವಿ ರಾಡಿಗೆ ಸಾಮಾನ್ಯವಾಗಿ 1/4 ಔನ್ಸಿನಿಂದ ಮೇಲೇ ಬರೆದಿರುತ್ತಾರೆ. ನಿಮ್ಮ ಜಿಗ್ ಮೂರೂವರೆ ಗ್ರಾಂ. ಅದಕ್ಕೆ ಆ ರಾಡ್ ಬಗ್ಗುವುದೇ ಇಲ್ಲ. ರಾಡ್ ಬಗ್ಗದಿದ್ದಾಗ ನಾವು ತೋಳಿನಿಂದ ಜೋರಾಗಿ ಬೀಸುತ್ತೇವೆ. ಸ್ಪೂಲ್ ಗಿರ್ರ್ ಅಂತ ಓಡುತ್ತದೆ, ಹಗುರದ ಲೂರ್ ಗಾಳಿಯಲ್ಲೇ ಸುಸ್ತಾಗುತ್ತದೆ. ಬಿಚ್ಚಿಕೊಂಡ ಲೈನನ್ನು ಎಳೆದೊಯ್ಯುವವರಿಲ್ಲ. ಅದೇ ನಿಮ್ಮ ಗೂಡು.

1/2 ಔನ್ಸಿನದ್ದು ಕಟ್ಟಿ ನೋಡಿ. ರಾಡ್ ಮುಂದೆ ಚಾಚಿ ರೀಲಿನ ಗುಂಡಿ ಒತ್ತಿ, ಲೂರ್ ನಿಧಾನವಾಗಿ ಇಳಿಯಬೇಕು. ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಹಾಗಾಗುವವರೆಗೆ ರೀಲಿನ ಪಕ್ಕದ ಟೆನ್ಷನ್ ತಿರುಪು ಬಿಗಿ ಮಾಡಿ. ಸ್ಪೂಲಿನ ಓಟ ತಡೆಯುವ ಬ್ರೇಕ್ ಜಾಸ್ತಿ ಇಟ್ಟೇ ಶುರು ಮಾಡಿ, ಹೆಬ್ಬೆರಳು ಸ್ಪೂಲಿನ ಮೇಲೆ ಸವರುವ ಹಾಗಿರಲಿ. ದೂರ ಹೋಗಲಿಲ್ಲ ಅಂತ ಬೇಜಾರು ಬೇಡ.

ಇನ್ನು ಹಂದಿಬಾಲ. ಲೈನ್ ತುಂಡಾದರೆ ತುದಿ ಹಾಗಿರಲ್ಲ. ಸುರುಳಿ ಅಂದರೆ ಗಂಟು ಜಾರಿದೆ. ಫ್ಲೋರೋ ಬಿರುಸು ಲೈನು, ಒಣ ಗಂಟು ಎಳೆದರೆ ಉಜ್ಜಿ ಬಿಸಿಯಾಗಿ ಕೆಡುತ್ತದೆ, ಇಲ್ಲ ಪೂರ್ತಿ ಕೂರಲ್ಲ. ಪ್ಯಾಲೋಮಾರ್ ಗಂಟು ಹಾಕಿ, ಎಂಜಲಿನಲ್ಲಿ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ನಾನೂ ಇದೇ ಬಾಲ ನೋಡಿ ಮೂರು ಕಂಪನಿಯ ಲೈನ್ ಬದಲಾಯಿಸಿದವನು. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಸಣ್ಣ ಜಿಗ್ಗೇ ಬೇಕು ಅಂದರೆ ಮಾತ್ರ ಸ್ಪಿನ್ನಿಂಗ್: ಮೀಡಿಯಂ, ಫಾಸ್ಟ್ ಆಕ್ಷನ್ (ತುದಿ ಕಡೆಯಷ್ಟೇ ಹೆಚ್ಚು ಬಗ್ಗುವ) ರಾಡ್, 2500 ಅಳತೆಯ ರೀಲ್, 10 ಪೌಂಡಿನ ಬ್ರೇಡ್ (ಹೆಣೆದ ಲೈನ್), ತುದಿಗೆ ಆರೇಳು ಅಡಿ 8 ಪೌಂಡಿನ ಫ್ಲೋರೋ.

ಕೆರೆಕಪ್ಪೆ:
ಅಜ್ಜ ಒಂದು ಬಿಟ್ಟರು. ಬ್ರೇಡನ್ನು ಬರೀ ಸ್ಪೂಲಿಗೆ ಸುತ್ತಬೇಡಿ, ಮೀನು ಎಳೆದಾಗ ಇಡೀ ಸುತ್ತೇ ಜಾರಿ ತಿರುಗುತ್ತದೆ. ಅಡಿಗೆ ಸ್ವಲ್ಪ ಮೋನೋ (ಸಾದಾ ನೈಲಾನ್ ಲೈನ್) ಸುತ್ತಿ. ನೀರ ಮೇಲೆ ಆಡಿಸುವ ಕಪ್ಪೆ, ಪಾಪರ್ ತರದ ಲೂರ್‌ಗೆ ಫ್ಲೋರೋ ಬೇಡ, ಅದು ಮುಳುಗಿ ಲೂರಿನ ಮೂತಿ ಕೆಳಗೆಳೆಯುತ್ತದೆ. ಅಲ್ಲಿ ಬ್ರೇಡ್ ಅಥವಾ ಮೋನೋ. ನನ್ನ ಕೇಳಿದರೆ ಹೊಸಬರಿಗೆ ಮೋನೋನೇ ಸಾಕು, ಗೂಡು ಬಿಡಿಸುವುದೂ ಸುಲಭ.

ಗಾಳದಜ್ಜ:
ಒಪ್ಪಿದೆ ಕಪ್ಪೆರಾಯರೇ. ಕ್ರ್ಯಾಂಕ್‌ಬೇಟಿಗಂತೂ (ಎಳೆದಾಗ ಅಲ್ಲಾಡುತ್ತಾ ಮುಳುಗುವ ಲೂರ್) ನಾನು ಈಗಲೂ ಮೋನೋ. ಅದು ಹಿಗ್ಗುತ್ತದೆ, ಸಣ್ಣ ಮೂರ್ಮುಳ್ಳಿನ ಗಾಳ ಬಾಯಿಂದ ಕಿತ್ತುಬರಲ್ಲ. ಅದಕ್ಕೆ ರೀಲ್ ಮಾತ್ರ 7.1 ಬೇಡ, 5.4:1 ಇದ್ದರೆ ಕೈ ನೋಯಲ್ಲ.

ಬೆಂಡು:
ಅಜ್ಜಾ, ರಾಡಿನ ಮೇಲೆ "3/8 – 1 ಔನ್ಸ್" ಅಂತಿದೆ! ಎರಡು ತಿಂಗಳು ಕೈಯಲ್ಲಿ ಹಿಡಿದುಕೊಂಡೇ ಓದಿರಲಿಲ್ಲ. ಇವತ್ತು ಸಂಜೆ 1/2 ಔನ್ಸಿನ ಜಿಗ್ ಕಟ್ಟಿದೆ. ಇಪ್ಪತ್ತು ಎಸೆತಕ್ಕೆ ಎರಡೇ ಗೂಡು, ಅದೂ ಎದುರುಗಾಳಿಗೆ. ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ರೀಲ್ ಲೈನ್ ಬಿಟ್ಟುಕೊಡುವ ಬಿಗಿ) ಎಷ್ಟಿಡಲಿ?

ಗಾಳದಜ್ಜ:
ಲೈನಿನ ಬಲದ ಕಾಲುಭಾಗ. ನಿಮ್ಮ 12ಕ್ಕೆ 3 ಪೌಂಡ್. ತೂಗುವ ತಕ್ಕಡಿ ಇಲ್ಲದಿದ್ದರೆ ಒಂದೂವರೆ ಲೀಟರ್ ನೀರಿನ ಬಾಟಲಿ ತುಂಬಿಸಿ, ಹೆಚ್ಚುಕಮ್ಮಿ ಅಷ್ಟೇ ತೂಕ. ರೀಲಿನಿಂದ ಲೈನನ್ನು ನೇರ ಅದಕ್ಕೆ ಕಟ್ಟಿ ಎತ್ತಿ, ಬಾಟಲಿ ಮೇಲೇಳುವ ಹೊತ್ತಿಗೆ ರೀಲ್ ಲೈನ್ ಬಿಡಬೇಕು. ಬಾಟಲಿಗೆ ಕಟ್ಟುವಾಗಲೂ ಗಂಟು ಒದ್ದೆ ಮಾಡಿ, ಅಭ್ಯಾಸ ಆಗಲಿ.