ಹಾಟ್ ಹ್ಯಾಚ್: ಪೆಟ್ರೋಲೋ, ಡೀಸೆಲ್ಲೋ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಸೆಕೆಂಡ್ ಹ್ಯಾಂಡ್ ಹಾಟ್ ಹ್ಯಾಚ್, ಅಂದರೆ ಜೋರು ಇಂಜಿನ್ ಇರುವ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು, ತೆಗೆದುಕೊಳ್ಳಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇನೆ. ಈಗ ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಿ ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು ಜಿಟಿಐ, ಪೆಟ್ರೋಲ್. ಇನ್ನೊಂದು ಜಿಟಿಡಿ, ಡೀಸೆಲ್. ಎರಡೂ ಮ್ಯಾನುಯಲ್, ಎರಡೂ ಹೆಚ್ಚುಕಮ್ಮಿ ಅಷ್ಟೇ ಓಡಿವೆ, ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಪೆಟ್ರೋಲ್‌ಗೆ 220 ಪಿಎಸ್ (ಹಾರ್ಸ್‌ಪವರ್ ಲೆಕ್ಕ) ಪವರ್, 350 ನ್ಯೂಟನ್ ಮೀಟರ್ ಟಾರ್ಕ್. ಡೀಸೆಲ್‌ಗೆ 184 ಪಿಎಸ್, ಆದರೆ ಟಾರ್ಕ್ 380. ಅಂದರೆ ಟಾರ್ಕೂ ಜಾಸ್ತಿ, ಮೈಲೇಜೂ ಜಾಸ್ತಿ. ಹಾಗಿದ್ದ ಮೇಲೆ ಡೀಸೆಲ್ ಬಿಟ್ಟು ಪೆಟ್ರೋಲ್ ಯಾಕೆ ಬೇಕು?

ಮೆಕ್ಯಾನಿಕ್: ಉತ್ತರ ಹೇಳುವ ಮೊದಲು ನನ್ನದೇ ಒಂದು ಪ್ರಶ್ನೆ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಅದೂ ಎಷ್ಟು ತುಂಡುಗಳಲ್ಲಿ? ವರ್ಷದ ಲೆಕ್ಕ ಎಲ್ಲರೂ ಹೇಳುತ್ತಾರೆ. ನನಗೆ ಬೇಕಿರುವುದು ಒಂದು ಸಲ ಸ್ಟಾರ್ಟ್ ಮಾಡಿದರೆ ಆಫ್ ಮಾಡುವವರೆಗೆ ಎಷ್ಟು ದೂರ ಅನ್ನುವುದು.

ಪ್ರಶ್ನೆ ಕೇಳಿದವರು: ಆಫೀಸಿಗೆ 6 ಕಿ.ಮೀ., ವಾಪಸ್ 6. ಪೂರ್ತಿ ಸಿಗ್ನಲ್ ದಾರಿ. ತಿಂಗಳಿಗೊಮ್ಮೆ ದೂರ ಹೋಗುತ್ತೇನೆ. ವರ್ಷಕ್ಕೆ 9,000 ಆಗಬಹುದು.

ಮೆಕ್ಯಾನಿಕ್: ಹಾಗಾದರೆ ಪೆಟ್ರೋಲ್. ಪಿಕಪ್ಪು, ಸದ್ದು, ಮಜಾ ಎಲ್ಲ ಆಮೇಲೆ. ನಿಮ್ಮ 6 ಕಿಲೋಮೀಟರ್‌ನಲ್ಲಿ ಆ ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೊಗೆಯಲ್ಲಿರುವ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ಮಸಿ ಎಲ್ಲಿಗೆ ಹೋಗಬೇಕು? ಅಲ್ಲೇ ಸುಟ್ಟು ಹೋಗಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಹೈವೇಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿದರೆ ಈ ಕೆಲಸ ನಿಮಗೆ ಗೊತ್ತಾಗದ ಹಾಗೆ ಮುಗಿಯುತ್ತದೆ. ಸಿಗ್ನಲ್ ದಾರಿಯಲ್ಲಿ ಆ ಬಿಸಿ ತಾನಾಗಿ ಬರುವುದಿಲ್ಲ. ಆಗ ಇಂಜಿನ್ ಕಂಪ್ಯೂಟರ್ ಸಿಲಿಂಡರ್‌ಗೆ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು ಬಿಸಿ ಮಾಡಲು ಹೊರಡುತ್ತದೆ. ಅಷ್ಟರಲ್ಲಿ ನಿಮ್ಮ ಆಫೀಸ್ ಬಂತು, ಕೀ ತಿರುಗಿಸಿ ಇಳಿದುಬಿಟ್ಟಿರಿ. ಸಂಜೆ ಮತ್ತೆ ಅದೇ ಕಥೆ. ಮಸಿ ಹಾಗೇ ಉಳಿಯಿತು. ಹೆಚ್ಚುವರಿ ಡೀಸೆಲ್‌ನಲ್ಲಿ ಒಂದು ಪಾಲು ಸಿಲಿಂಡರ್ ಗೋಡೆಯಿಂದ ಜಾರಿ ಇಂಜಿನ್ ಆಯಿಲ್‌ಗೆ ಸೇರಿತು.

ಇಂಥ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಮಕ್ಕಳನ್ನು ಶಾಲೆಗೆ ಬಿಡುವುದು, ಕರೆತರುವುದು, ಅಷ್ಟೇ ಅದರ ಕೆಲಸ. ಓನರ್ ಬಹಳ ಖುಷಿಯಾಗಿ ಹೇಳಿದರು, "ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ಲ, ಇನ್ನೂ ಮೇಲೇ ಬಂದಿದೆ ನೋಡಿ." ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮ್ಯಾಕ್ಸ್ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ತಾನಾಗಿ ಹೆಚ್ಚುವುದು ಒಳ್ಳೆಯ ಸುದ್ದಿ ಅಲ್ಲ ಸ್ವಾಮಿ. ತೆಳುವಾದ ಆಯಿಲ್ ಮೊದಲು ತಿನ್ನುವುದು ಬೇರಿಂಗನ್ನು, ಆಮೇಲೆ ಟರ್ಬೊವನ್ನು.

ಪೆಟ್ರೋಲ್ ಇಂಜಿನ್‌ಗೂ ಚಿಕ್ಕ ಓಡಾಟ ಒಳ್ಳೆಯದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅದು ಬೇಗ ಬಿಸಿಯಾಗುತ್ತದೆ. ನೀವು ನೋಡಿರುವ ಕಾಲದ ಜಿಟಿಐಗೆ ಇಂಥ ಫಿಲ್ಟರ್‌ನ ತಲೆಬಿಸಿಯೂ ಸಾಮಾನ್ಯವಾಗಿ ಇಲ್ಲ. ಆಮೇಲೆ ಬಂದ ಪೆಟ್ರೋಲ್ ಗಾಡಿಗಳಿಗೂ ಫಿಲ್ಟರ್ ಕೂರಿಸಿದ್ದಾರೆ. ಪೆಟ್ರೋಲ್ ಹೊಗೆಯೇ ಹೆಚ್ಚು ಬಿಸಿ ಇರುವುದರಿಂದ ಅದು ಅಷ್ಟಾಗಿ ಕಾಡುವುದಿಲ್ಲ.

ಪ್ರಶ್ನೆ ಕೇಳಿದವರು: ಫಿಲ್ಟರ್ ವಿಷಯ ಗೊತ್ತೇ ಇರಲಿಲ್ಲ. ಆದರೂ ಟಾರ್ಕ್ ಲೆಕ್ಕ ತಲೆಯಿಂದ ಹೋಗುತ್ತಿಲ್ಲ ಸರ್. 380 ಅಂದರೆ 350ಕ್ಕಿಂತ ಜಾಸ್ತಿ ತಾನೇ?

ಮೆಕ್ಯಾನಿಕ್: ಜಾಸ್ತಿಯೇ. ಎಷ್ಟು ಹೊತ್ತು ಜಾಸ್ತಿ, ಅದನ್ನು ನೋಡಿ. ಡೀಸೆಲ್‌ನಲ್ಲಿ ಆ 380 ಸಿಗುವುದು 1,750ರಿಂದ 3,250 ಆರ್‌ಪಿಎಂವರೆಗೆ (ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). ಪೆಟ್ರೋಲ್‌ನಲ್ಲಿ 350 ಸಿಗುವುದು 1,500ರಿಂದ 4,400ರವರೆಗೆ, ಅಲ್ಲಿಂದ ಮುಂದೆ ಪವರ್ 6,200ರವರೆಗೂ ಬಿಗಿಯಾಗಿ ನಿಲ್ಲುತ್ತದೆ. ಮೂಟೆ ಹೊರುವವರ ಲೆಕ್ಕದಲ್ಲಿ ಹೇಳುತ್ತೇನೆ. ಟಾರ್ಕ್ ಅಂದರೆ ಒಂದು ಸಲಕ್ಕೆ ಎಷ್ಟು ಭಾರ ಎತ್ತುತ್ತೀರಿ ಅನ್ನುವುದು. ಪವರ್ ಅಂದರೆ ಗಂಟೆಗೆ ಒಟ್ಟು ಎಷ್ಟು ಸಾಗಿಸಿದಿರಿ ಅನ್ನುವುದು. ಡೀಸೆಲ್ ದೊಡ್ಡ ಮೂಟೆ ಹೊರುತ್ತದೆ, ನಿಧಾನ ನಡೆಯುತ್ತದೆ. ಪೆಟ್ರೋಲ್ ಸ್ವಲ್ಪ ಚಿಕ್ಕ ಮೂಟೆ ಹೊತ್ತು ಓಡುತ್ತದೆ.

ಇನ್ನೊಂದು ಗುಟ್ಟು ಗೇರ್‌ಬಾಕ್ಸ್‌ನಲ್ಲಿದೆ. ಡೀಸೆಲ್ ಜಾಸ್ತಿ ತಿರುಗಲಾರದು, ಅದಕ್ಕೇ ಅದರ ಗೇರ್‌ಗಳನ್ನು ಉದ್ದ ಮಾಡಿರುತ್ತಾರೆ, ಅಂದರೆ ಇಂಜಿನ್ ಅಷ್ಟೇ ಸುತ್ತು ತಿರುಗಿದರೂ ಗಾಡಿ ಹೆಚ್ಚು ದೂರ ಹೋಗುವ ಹಾಗೆ. ಇಂಜಿನ್‌ನ ಟಾರ್ಕ್ ಗೇರ್‌ನಿಂದ ಗುಣಿಸಿಕೊಂಡು ಚಕ್ರಕ್ಕೆ ಹೋಗುತ್ತದೆ. ಗೇರ್ ಉದ್ದವಾದಷ್ಟೂ ಗುಣಾಕಾರ ಕಡಿಮೆ. ಹಾಗಾಗಿ ಬ್ರೋಷರ್‌ನಲ್ಲಿ ಕಂಡ ಆ 30 ನ್ಯೂಟನ್ ಮೀಟರ್ ಚಕ್ರ ತಲುಪುವ ಹೊತ್ತಿಗೆ ಕರಗಿ ಹೋಗಿರುತ್ತದೆ. ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ ಕಂಪನಿ ಹೇಳುವ ಸಮಯ ನೋಡಿ: ಜಿಟಿಐಗೆ 6.5 ಸೆಕೆಂಡ್, ಜಿಟಿಡಿಗೆ 7.5.

ಹಾಗಂತ ಡೀಸೆಲ್ ಮಂದ ಅಂದುಕೊಳ್ಳಬೇಡಿ. ಮೇಲಿನ ಗೇರ್‌ನಲ್ಲೇ ಇದ್ದು ಲಾರಿ ದಾಟಬೇಕು ಅಂದಾಗ ಅದು ಹಿಂದಿನಿಂದ ಯಾರೋ ನೂಕಿದ ಹಾಗೆ ಹೋಗುತ್ತದೆ. ಆ ಸುಖ ನನಗೂ ಇಷ್ಟ.

ಇನ್ನೊಬ್ಬ ಸದಸ್ಯ: ಅಣ್ಣ, ನನ್ನ ಕೇಸ್ ಉಲ್ಟಾ. ದಿನಕ್ಕೆ ಹೋಗಿ ಬರಲು 110 ಕಿ.ಮೀ., ಬಹುಪಾಲು ಹೈವೇ. ಎಲ್ಲರೂ ಡೀಸೆಲ್ ಕಾಲ ಮುಗೀತು ಅಂತಿದ್ದಾರೆ. ನಾನೂ ಪೆಟ್ರೋಲೇ ನೋಡಬೇಕಾ?

ಮೆಕ್ಯಾನಿಕ್: ನೀವು ಡೀಸೆಲ್ ತಗೊಳ್ಳಿ. ಡಿಪಿಎಫ್‌ಗೆ ನಿಮ್ಮಂಥ ಓನರ್ ಸಿಕ್ಕರೆ ಅದು ತಣ್ಣಗೆ ತನ್ನ ಪಾಡಿಗೆ ಇರುತ್ತದೆ.

ಲೆಕ್ಕ ಹಾಕೋಣ. ತಿಂಗಳಿಗೆ 25 ದಿನ ಅಂದರೆ ವರ್ಷಕ್ಕೆ 33,000 ಕಿ.ಮೀ. ಹೈವೇಯಲ್ಲಿ ಪೆಟ್ರೋಲ್ ಗಾಡಿ ಲೀಟರ್‌ಗೆ 14, ಡೀಸೆಲ್ 20 ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಬ್ರೋಷರ್‌ನಲ್ಲಿ ಇನ್ನೂ ಚೆಂದದ ಸಂಖ್ಯೆ ಇರುತ್ತದೆ, ಅದನ್ನು ನಾನು ನಂಬುವುದಿಲ್ಲ. ಪೆಟ್ರೋಲ್‌ಗೆ ಸುಮಾರು 2,360 ಲೀಟರ್ ಬೇಕು, ಡೀಸೆಲ್‌ಗೆ 1,650. ಉಳಿತಾಯ 700 ಲೀಟರ್, 50 ಲೀಟರ್‌ನ ಟ್ಯಾಂಕ್ 14 ಸಲ ತುಂಬಿಸುವಷ್ಟು. ಮೊದಲು ಕೇಳಿದವರಿಗೆ ಇದೇ ಲೆಕ್ಕ ಊರೊಳಗಿನ ಮೈಲೇಜ್ 12 ಮತ್ತು 17 ಅಂತ ಹಿಡಿದು ಹಾಕಿದರೆ ವರ್ಷಕ್ಕೆ ಉಳಿಯುವುದು 220 ಲೀಟರ್. ಫಿಲ್ಟರ್ ಒಂದು ಸಲ ಕೈಕೊಟ್ಟರೆ ಸಾಕು, ಎಷ್ಟೋ ವರ್ಷದ ಉಳಿತಾಯ ಅಲ್ಲೇ ಮುಳುಗುತ್ತದೆ. ಇಂಜೆಕ್ಟರ್ ಕೈಕೊಟ್ಟರಂತೂ ಕೇಳಲೇಬೇಡಿ. 2,000 ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಸಾಮಾನು ಅದು, ಅಗ್ಗಕ್ಕೆ ಸಿಗುವುದಿಲ್ಲ.

ಒಂದು ಮಾತು. ನೀವು ಓಡಾಡುವ ಊರುಗಳಲ್ಲಿ ಹಳೆಯ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಇದೆಯಾ, ಬರುವ ಹಾಗಿದೆಯಾ ಅಂತ ಮೊದಲೇ ವಿಚಾರಿಸಿ. ಮಾರುವಾಗ ಅದು ಅಡ್ಡ ಬರುತ್ತದೆ.

ಮತ್ತೊಬ್ಬ ಸದಸ್ಯ: ಮೈಲೇಜ್ ನೋಡುವವರು ಹಾಟ್ ಹ್ಯಾಚ್ ಯಾಕೆ ತಗೋಬೇಕು? ಡೀಸೆಲ್ ಹಾಕಿದ ಮೇಲೆ ಅದು ಹಾಟ್ ಹ್ಯಾಚ್ ಹೇಗಾಗುತ್ತೆ? ಆರ್‌ಪಿಎಂ ಮೀಟರ್‌ನ ಕೆಂಪು ಗೆರೆಯವರೆಗೆ ಎಳೆಯದ ಇಂಜಿನ್‌ನಲ್ಲಿ ಏನು ಮಜಾ?

ಮೆಕ್ಯಾನಿಕ್: ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. 1976ರ ಮೊದಲ ಗಾಲ್ಫ್ ಜಿಟಿಐ 1.6 ಲೀಟರ್ ಪೆಟ್ರೋಲ್, 110 ಪಿಎಸ್, ತೂಕ 800 ಕೆಜಿ ಚಿಲ್ಲರೆ. ಹಗುರ ಗಾಡಿ, ಮೇಲಕ್ಕೆ ಎಳೆದಷ್ಟೂ ಹಾಡುವ ಇಂಜಿನ್. ಈ ರುಚಿ ಹುಟ್ಟಿದ್ದೇ ಅಲ್ಲಿ. ಆದರೆ ಡೀಸೆಲ್ ನಿನ್ನೆ ಮೊನ್ನೆ ಬಂದು ಸೇರಿದ್ದಲ್ಲ. ಗಾಲ್ಫ್ ಜಿಟಿಡಿ 1982ರಲ್ಲೇ ಬಂತು. ಪವರ್ ಮಾತ್ರ 70 ಪಿಎಸ್, ಈಗ ಕೇಳಿದರೆ ನಗು ಬರುತ್ತದೆ. 2003ರ ಸ್ಕೋಡಾ ಫೇಬಿಯಾ ವಿಆರ್‌ಎಸ್ ಬಂದಿದ್ದು ಡೀಸೆಲ್‌ನಲ್ಲಿ ಮಾತ್ರ, 1.9 ಲೀಟರ್, 130 ಪಿಎಸ್, 310 ನ್ಯೂಟನ್ ಮೀಟರ್. ಅಷ್ಟು ಚಿಕ್ಕ ಗಾಡಿಗೆ ಅಷ್ಟು ಟಾರ್ಕ್! ಅದನ್ನು ಓಡಿಸಿದವರ ಮುಂದೆ ನಿಮ್ಮ ಮಾತು ಹೇಳಿ ನೋಡಿ, ಜಗಳಕ್ಕೇ ಬರುತ್ತಾರೆ.

ಸದ್ದಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಕೆಲವು ಗಾಡಿಗಳಲ್ಲಿ ಇಂಜಿನ್ ಸದ್ದನ್ನು ಬೇರೆ ಸಾಧನದಿಂದ ಒಳಗೆ ಕೇಳಿಸುತ್ತಾರೆ. ಪೆಟ್ರೋಲ್‌ನಲ್ಲೂ ಮಾಡುತ್ತಾರೆ ಬಿಡಿ. ನನಗೆ ಅದು ಮೀಸೆಗೆ ಬಣ್ಣ ಹಚ್ಚಿದ ಹಾಗೆ ಕಾಣುತ್ತದೆ.

ಇನ್ನೊಬ್ಬ ಸದಸ್ಯ: ಫಿಲ್ಟರ್ರೇ ತಲೆನೋವು ಅಂದರೆ ಅದನ್ನು ತೆಗೆಸಿ, ಜೊತೆಗೆ ಪವರ್ ಹೆಚ್ಚಿಸಲು ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸುವ ರೀಮ್ಯಾಪ್ ಮಾಡಿಸಿಬಿಟ್ಟರೆ ಆಯ್ತಲ್ವಾ?

ಮೆಕ್ಯಾನಿಕ್: ಫಿಲ್ಟರ್ ತೆಗೆಯುವ ಕೆಲಸ ನಾನು ಮಾಡುವುದಿಲ್ಲ. ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಮೇಲಾಗಿ ಆ ಮಸಿ ಹಿಂದೆ ಬೈಕಲ್ಲಿ ಬರುವವರ ಎದೆಗೆ ಹೋಗುತ್ತದೆ. ರೀಮ್ಯಾಪ್ ಮಾಡಿಸುವವರು ಮೊದಲು ಕ್ಲಚ್‌ಗೆ, ಇಂಜಿನ್ನಿನ ಅದುರು ತಡೆಯುವ ಡ್ಯುಯಲ್ ಮಾಸ್ ಫ್ಲೈವೀಲ್‌ಗೆ ದುಡ್ಡು ಎತ್ತಿಡಿ. ಹೊಸ ಟಾರ್ಕ್‌ನ ಏಟು ಬೀಳುವುದು ಅವೆರಡಕ್ಕೇ.

ಪ್ರಶ್ನೆ ಕೇಳಿದವರು: ಸರಿ ಸರ್, ಪೆಟ್ರೋಲ್ ಅಂತಲೇ ತೀರ್ಮಾನ. ಶನಿವಾರ ಗಾಡಿ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಲಿ?

ಮೆಕ್ಯಾನಿಕ್: ಮುಖ್ಯವಾದ ಒಂದು ಕೆಲಸ: ಇಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಇಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಮೊದಲ ಎರಡು ಮೂರು ಸೆಕೆಂಡ್ ಗರಗರ ಅನ್ನಬಹುದು. ಬಿಸಿಯಾದ ಮೇಲೆ ಎಷ್ಟೋ ರೋಗ ಅಡಗಿ ಕೂರುತ್ತವೆ. ಸೈಲೆನ್ಸರ್ ಹಿಂದೆ ಒಬ್ಬರನ್ನು ನಿಲ್ಲಿಸಿ, ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಕೂಲಂಟ್ ಮಟ್ಟ ನೋಡಿ, ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಸುತ್ತ ಒಣಗಿದ ಕಲೆ ಇದೆಯಾ ನೋಡಿ. ಆಮೇಲೆ ಮೇಲಿನ ಗೇರ್‌ನಲ್ಲಿ ಕಡಿಮೆ ವೇಗದಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ಗಾಡಿ ಮಾತ್ರ ಮುಂದಕ್ಕೆ ಹೋಗದಿದ್ದರೆ ಕ್ಲಚ್ ಮುಗಿದಿದೆ.

ಟೈರ್ ಕಡೆಗೂ ಒಂದು ಕಣ್ಣಿರಲಿ. ಇಂಥ ಗಾಡಿಗೆ ನಾಲ್ಕು ಚಕ್ರಕ್ಕೆ ನಾಲ್ಕು ಬೇರೆ ಬೇರೆ ಅಗ್ಗದ ಟೈರ್ ಹಾಕಿದ್ದರೆ, ಓನರ್ ಆಯಿಲ್‌ನಲ್ಲೂ ಹಾಗೇ ಜುಗ್ಗತನ ಮಾಡಿರುತ್ತಾನೆ ಅಂತ ನನ್ನ ಅನುಭವ.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿ ಬಂದೆ ಸರ್. ಗಾಡಿ ಚೆನ್ನಾಗಿದೆ, ನಾಲ್ಕೂ ಒಂದೇ ಕಂಪನಿಯ ಟೈರ್, ಸರ್ವಿಸ್ ಬಿಲ್ ಎಲ್ಲ ಇಟ್ಟಿದ್ದಾರೆ. ಕ್ಲಚ್ ಕೂಡ ಜಾರಲಿಲ್ಲ. ಆದರೆ ನಾನು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿತ್ತು. "ನಿಮಗೋಸ್ಕರ ಒಂದು ರೌಂಡ್ ಹೊಡೆದು ತಂದೆ" ಅಂದರು.

ಮೆಕ್ಯಾನಿಕ್: ಬಹಳ ಒಳ್ಳೆಯವರು! ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ನಾಳೆ ಬೆಳಿಗ್ಗೆ ಬೇಗ ಹೋಗಿ. ಹೊರಡುವ ಮೊದಲು ಫೋನ್ ಮಾಡಬೇಡಿ, ಅವರ ಮನೆ ಮುಂದೆ ನಿಂತು ಮಾಡಿ.